ಬ್ರೆಡ್ಡು ವ್ಯಾನಿನ ಬೆನ್ನಿಗೆ ಎರಡು ಸೈಕಲ್ಲು

ದೊಡ್ಡ ಕೆರೆಗೆ ಹೋಗುವ ಗುಡ್ಡದ ಈಚೆ, ವ್ಯಾನಿನೊಳಗೆ
ಅಕ್ಟೋಬರ್ ೧೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿ ಇಳಿಯುವುದನ್ನು ಕಡಿಮೆ ಮಾಡಿ ಎಂದು ಡಾಕ್ಟರು ಅಷ್ಟು ಹೇಳಿದ ಮೇಲೂ ನೀನು ದಿನಾ ಮಹಡಿಗೆ ಹೋಗಿ ಆ ಕೋಣೆಯ ಧೂಳು ಹೊಡೆಯುತ್ತಿದ್ದೀಯ ಅಂತ ನನಗೆ ಗೊತ್ತು, ಸುಳ್ಳು ಹೇಳಬೇಡ. ಬಿಸಿನೀರಿನ ಚೀಲವನ್ನು ಮಂಡಿಗೆ ಇಟ್ಟುಕೊಳ್ಳುತ್ತಿದ್ದೀಯೋ ಅಥವಾ ಅದನ್ನೂ ಬೆಕ್ಕಿಗೆ ಹಾಸಿಗೆ ಮಾಡಿಕೊಟ್ಟಿದ್ದೀಯೋ? ನಮ್ಮಿಬ್ಬರ ಆರೋಗ್ಯಕ್ಕೆ ಏನೂ ಕೊರತೆಯಿಲ್ಲ. ಸೈಕಲ್ ತುಳಿದು ತುಳಿದು ಕೂರುವ ಜಾಗವೊಂದು ಬಿಟ್ಟರೆ ಮಿಕ್ಕ ಮೈಯೆಲ್ಲ ಗಟ್ಟಿಯಾಗಿದೆ. ನಿನ್ನ ಪತ್ರ ಮೊನ್ನೆ ಇಲ್ಲಿನ ಪೇಟೆಯ ಅಂಚೆ ಕಚೇರಿಯಲ್ಲಿ ಸಿಕ್ಕಿತು. ಗೋಡೆಗೆ ತಿಳಿನೀಲಿ ಬಣ್ಣ ಹೊಡೆಸಿದ್ದು, ಕಿಟಕಿಗೆ ನೀನೇ ಕೂತು ಪರದೆ ಹೊಲಿದದ್ದು, ಎಲ್ಲವನ್ನೂ ಓದಿದೆ. ಅಲ್ಲೇ ಕಚೇರಿಯ ಬೆಂಚಿನ ಮೇಲೆ ಕೂತು ಎರಡು ಸಲ ಓದಿದೆ. ಅದಕ್ಕೆ ಉತ್ತರ ಬರೆಯುವ ಮುಂಚೆ ನಿನ್ನೆ ನಡೆದದ್ದನ್ನು ನಿನಗೆ ಹೇಳಲೇಬೇಕು. ಅದನ್ನು ಹೇಳದೆ ನನಗೆ ಬೇರೆ ಯಾವ ಮಾತೂ ಆಡಲು ಬರುವ ಹಾಗಿಲ್ಲ.

ನಮ್ಮ ಸಂಸಾರದ ರೀತಿ ನಿನಗೆ ಗೊತ್ತಿರುವುದೇ. ಮಗಳು ಹುಟ್ಟಿದಾಗ ಅವಳು ಒಂದು ಗಳಿಗೆಯೂ ಒಬ್ಬಳೇ ಇರಬಾರದು ಎಂದು ಇವರು ಬೇಕರಿಯಲ್ಲಿ ರಾತ್ರಿ ಪಾಳಿ ಹಿಡಿದರು, ನಾನು ಡಿಪೋದಲ್ಲಿ ಬೆಳಗಿನ ಮೊದಲ ಬಸ್ಸು ಓಡಿಸುವ ಪಾಳಿ ಹಿಡಿದೆ. ಅವರು ಹಿಟ್ಟಿನ ಕೈ ತೊಳೆದುಕೊಂಡು ಮನೆಗೆ ಬರುವುದಕ್ಕೂ ನಾನು ಯೂನಿಫಾರ್ಮ್ ಗುಂಡಿ ಹಾಕಿಕೊಂಡು ಹೊರಡುವುದಕ್ಕೂ ಸರಿಹೋಗುತ್ತಿತ್ತು. ಬಾಗಿಲಲ್ಲಿ ಎದುರಾದಾಗ "ಅವಳಿಗೆ ಕೆಮ್ಮು", "ಹಾಲು ಒಲೆ ಮೇಲಿದೆ" ಎಂಬಷ್ಟೇ ಮಾತು. ಸಂಜೆ ನಾನು ಸುಸ್ತಾಗಿ ಬಂದರೆ ಅವರು ಎದ್ದು ಹೊರಡುವ ಹೊತ್ತು. ಮಗಳು ಬೆಳೆದು ತನ್ನ ಮನೆ ಕಟ್ಟಿಕೊಂಡು ಹೋದ ಮೇಲೂ ಇಬ್ಬರೂ ಪಾಳಿ ಬದಲಿಸಲಿಲ್ಲ. ಅಭ್ಯಾಸವಾಗಿಬಿಟ್ಟಿತ್ತು. ಹೀಗೆ ಮೂವತ್ತು ಚಿಲ್ಲರೆ ವರ್ಷ ಕಳೆದು, ಈ ವರ್ಷ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ನಿವೃತ್ತರಾದೆವು ನೋಡು, ಆಗ ಗೊತ್ತಾಯಿತು ಒಂದೇ ಮನೆಯಲ್ಲಿ ಒಂದೇ ಹೊತ್ತಿಗೆ ಇರುವುದು ನಮಗೆ ಬರುವುದೇ ಇಲ್ಲ ಎಂದು. ಹಗಲು ಅವರಿಗೆ ಕಿಟಕಿ ಮುಚ್ಚಿರಬೇಕು, ನನಗೆ ತೆರೆದಿರಬೇಕು. ಬೆಳಿಗ್ಗೆ ನಾನು ಲೋಟದಲ್ಲಿ ಚಮಚ ಆಡಿಸಿದರೆ ಅವರಿಗೆ ಸಿಡಿಲು ಬಡಿದಂತೆ. ರಾತ್ರಿ ಅವರು ನಿದ್ದೆ ಬಾರದೆ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡಿದರೆ ನನಗೆ ಕಳ್ಳ ಹೊಕ್ಕಂತೆ. ಜಗಳವಾದರೂ ಆಡಿದ್ದರೆ ಚೆನ್ನಾಗಿತ್ತು. ಬಸ್ಸಿನ ಒಂದೇ ಸೀಟಿನಲ್ಲಿ ಕೂತ ಗುರುತಿಲ್ಲದ ಇಬ್ಬರು ಪ್ರಯಾಣಿಕರ ಹಾಗೆ, ಮೊಣಕೈಗೆ ಮೊಣಕೈ ತಾಗದಂತೆ ಬಿಗಿಹಿಡಿದುಕೊಂಡು ಕೂತಿದ್ದೆವು. ನಿನಗೆ ಫೋನು ಮಾಡಿ ಅತ್ತದ್ದು ಆ ದಿನಗಳಲ್ಲೇ. "ಬಂದ್ಬಿಡೇ ಮೊಂಡಿ, ನಿನ್ನ ಭಾವ ಹೋದ್ಮೇಲೆ ಮೇಲಿನ ಕೋಣೆ ಖಾಲಿ ಬಿದ್ದಿದೆ, ಇಬ್ರೂ ಜೊತೆಗಿರೋಣ" ಅಂದೆ ನೀನು. ಅಕ್ಕಾ, ಆ ಮಾತು ಕೇಳಿದ ಮೇಲೆ ನಾನು ಆ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಮಾಡಿದೆ ಗೊತ್ತೇ!

ಇವರಿಗೆ ಹೇಳಿದಾಗ ಪಾತ್ರೆ ತೊಳೆಯುತ್ತ ನಿಂತಿದ್ದರು. ಕೈಯಲ್ಲಿದ್ದ ಬಾಣಲೆಯನ್ನು ಮತ್ತೆ ಮತ್ತೆ ಉಜ್ಜಿದರು. ಆಮೇಲೆ, "ಸರಿ. ಚಳಿ ಬೀಳೋ ಮುಂಚೆ ಒಂದ್ಸಲ ಜೊತೆಗೆ ಸುತ್ತಾಡಿ ಬರೋಣ. ಕೊನೇಲಿ ನಾನೇ ನಿನ್ನನ್ನ ನಿಮ್ಮಕ್ಕನ ಬಾಗಿಲಿಗೆ ತಂದು ಬಿಡ್ತೀನಿ" ಅಂದರು. ಅಷ್ಟೇ. ಏಕೆ ಎಂದು ಕೇಳಲಿಲ್ಲ. ನನಗೆ ಅದಕ್ಕೂ ಸಿಟ್ಟು ಬಂತು. ಮರುವಾರ ಬೇಕರಿಯವರು ಮಾರುತ್ತಿದ್ದ ಹಳೇ ವ್ಯಾನನ್ನು ತಂದು ಬಾಗಿಲಲ್ಲಿ ನಿಲ್ಲಿಸಿದರು. ಬ್ರೆಡ್ಡಿನ ತಟ್ಟೆ ಜೋಡಿಸುತ್ತಿದ್ದ ಕಡೆ ಹಲಗೆ ಹೊಡೆದು ಮಂಚ ಮಾಡಿದರು, ಹಿಂಬಾಗಿಲಿಗೆ ಕಬ್ಬಿಣದ ಕೊಕ್ಕೆ ಹಾಕಿಸಿ ತಮ್ಮ ಹಳೇ ಸೈಕಲ್ಲನ್ನೂ ನನಗೆಂದು ತಂದ ಹಸಿರು ಸೈಕಲ್ಲನ್ನೂ ನೇತುಹಾಕಿದರು. ಎಷ್ಟು ತೊಳೆದರೂ ವ್ಯಾನಿನೊಳಗೆ ಬ್ರೆಡ್ಡಿನ ವಾಸನೆ ಹೋಗಿಲ್ಲ. ಪಕ್ಕದ ಮೇಲೆ ಬೇಕರಿಯ ಅಕ್ಷರಗಳೂ ಅಳಿಸಿಲ್ಲ. ಪೆಟ್ರೋಲು ಹಾಕಿಸಲು ನಿಂತರೆ ಜನ ಚೀಲ ಹಿಡಿದು ಬರುತ್ತಾರೆ. ಒಬ್ಬ ಅಜ್ಜಿ ಅಂತೂ ಬ್ರೆಡ್ಡಿಲ್ಲ ಎಂದರೆ ನಂಬದೆ ಮಂಚದ ಕೆಳಗೆ ಬಗ್ಗಿ ನೋಡಿ, "ಎಲ್ಲಾ ನೀವೇ ತಿಂದ್ಬಿಟ್ರಾ?" ಎಂದು ಗದರಿ ಹೋದಳು.

ಮೊದಲ ವಾರದ ಕಥೆ ಕೇಳಬೇಡ. ವ್ಯಾನು ಓಡಿಸುವುದು ನಾನು. ಇವರು ಪಕ್ಕದಲ್ಲಿ ಕೂತು, ಸೂರ್ಯ ಮೇಲೆ ಬಂದ ಕೂಡಲೇ ಸ್ವಿಚ್ಚು ಆರಿಸಿದ ಹಾಗೆ ನಿದ್ದೆಗೆ ಬೀಳುವುದು. ನಿದ್ದೆಯಲ್ಲಿ ಬೆರಳುಗಳು ತೊಡೆಯ ಮೇಲೆ ಹಿಟ್ಟು ನಾದುತ್ತಲೇ ಇರುತ್ತಿದ್ದವು. ನನ್ನ ಚಾಳಿಯೂ ಕಡಿಮೆಯಿಲ್ಲ ಬಿಡು. ಹಳ್ಳಿಯ ಬಸ್‌ಸ್ಟಾಪು ಕಂಡ ಕಡೆಯಲ್ಲೆಲ್ಲ ಕಾಲು ತಾನೇ ಬ್ರೇಕಿನ ಮೇಲೆ ಹೋಗುತ್ತಿತ್ತು. ಒಂದು ಕಡೆ ನಿಂತಿದ್ದ ಇಬ್ಬರು ಹೆಂಗಸರು ವ್ಯಾನು ಹತ್ತಲು ಬಂದೇಬಿಟ್ಟರು! ಇನ್ನು ಸೈಕಲ್ಲು. ಚಿಕ್ಕಂದಿನಲ್ಲಿ ನೀನು ಸೀಟು ಹಿಡಿದುಕೊಂಡು ಓಡಿ ಕಲಿಸಿದ್ದೆಯಲ್ಲ, ಅದಾದ ಮೇಲೆ ನಾನು ಮುಟ್ಟಿರಲೇ ಇಲ್ಲ. ಬಸ್ಸಿನವರಿಗೆ ಸೈಕಲ್ ಸವಾರರೆಂದರೆ ಕನ್ನಡಿಗೆ ಕಾಣದ ಜಾಗದಿಂದ ಬಂದು ಪ್ರಾಣ ತಿನ್ನುವವರು. ಮೊದಲ ದಿನ ಕಾಲುವೆಯ ಪಕ್ಕದ ದಾರಿಯಲ್ಲಿ ತುಳಿದಾಗ, ಉದ್ದದ ಬಸ್ಸು ತಿರುಗಿಸುವವಳ ಹಾಗೆ ಅಷ್ಟು ದೂರ ಹೋಗಿ ಅಗಲವಾಗಿ ತಿರುಗಿದೆನಂತೆ, ಯಾರೂ ಇಲ್ಲದ ದಾರಿಯಲ್ಲಿ ಕೈ ಚಾಚಿ ಸಿಗ್ನಲ್ ತೋರಿಸಿದೆನಂತೆ. ಇವರು ಸೈಕಲ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಿಸಿಲಿನಲ್ಲಿ ಅವರ ಹಲ್ಲೆಲ್ಲ ಕಾಣುತ್ತಿತ್ತು. ಬೈಯಬೇಕೆಂದು ಬಾಯಿ ತೆರೆದವಳು ಸುಮ್ಮನೆ ನೋಡುತ್ತ ನಿಂತೆ.

ಆಮೇಲೆ ಬೆಟ್ಟದ ದಾರಿ ಶುರುವಾಯಿತು. ಅಕ್ಕಾ, ಎಲೆ ಉದುರುವ ಕಾಲದ ಕಾಡು ನೀನು ನಾನು ನೋಡದ್ದಲ್ಲ. ಆದರೆ ನಾನು ನೋಡಿದ್ದು ಬಸ್ಸಿನ ಗಾಜಿನಿಂದ. ನನಗೆ ಉದುರಿದ ಎಲೆಯೆಂದರೆ ಚಕ್ರ ಜಾರುವ ರಸ್ತೆ, ಬ್ರೇಕು ಬೇಗ ಹಾಕಬೇಕು, ಅಷ್ಟೇ. ಒಂದು ಮಧ್ಯಾಹ್ನ ತಿರುವಿನಲ್ಲಿ ವ್ಯಾನು ಜೋರಾಗಿ ಕುಲುಕಿ ಇವರಿಗೆ ಎಚ್ಚರವಾಯಿತು. ಕಣ್ಣು ಬಿಟ್ಟರು. ಎದುರಿಗೆ ಕಣಿವೆ ತುಂಬ ಮರಗಳು, ಅರಿಶಿನ, ಕಿತ್ತಳೆ, ಕೆಂಡದ ಕೆಂಪು, ಅದರ ಮೇಲೆ ನೆತ್ತಿಯ ಬಿಸಿಲು. "ನಿಲ್ಸು" ಅಂದರು. ಅವರ ದನಿ ಕೇಳಿ ಏನೋ ಮೈಗೆ ಹುಷಾರಿಲ್ಲ ಎಂದುಕೊಂಡು ನಿಲ್ಲಿಸಿದೆ. ಇಳಿದು ರಸ್ತೆಯ ಅಂಚಿಗೆ ಹೋಗಿ ನಿಂತವರು ಎಷ್ಟು ಹೊತ್ತಾದರೂ ಹಿಂತಿರುಗಲಿಲ್ಲ. ನಾನೂ ಹೋದೆ. "ಇದು ಇಷ್ಟು ಹಳದಿ ಇರುತ್ತೇನೇ?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿ ಕೇಳಿದರು. ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಈ ಮನುಷ್ಯ ಹಗಲೆಲ್ಲ ದಪ್ಪ ಪರದೆಯ ಹಿಂದೆ ಮಲಗಿದ್ದರು. ಅವರಿಗೆ ಈ ಕಾಲವೆಂದರೆ ಕತ್ತಲಲ್ಲಿ ಬೇಕರಿಗೆ ಹೋಗುವಾಗ ಟಯರಿಗೆ ಅಂಟುವ ಒದ್ದೆ ಎಲೆ ಮಾತ್ರ. "ದಿನಾ ಇದನ್ನೆಲ್ಲ ನೋಡ್ತಿದ್ಯಾ ನೀನು?" ಅಂದರು. ಇಲ್ಲ ಎಂದು ತಲೆಯಾಡಿಸಿದೆ. ಅಂದಿನಿಂದ ಅವರು ಹಗಲು ನಿದ್ದೆ ಮಾಡಿಲ್ಲ. ಮಗುವಿನ ಹಾಗೆ ಗಾಜಿಗೆ ಮೂಗು ಒತ್ತಿ ಕೂರುತ್ತಾರೆ. ಅಲ್ಲಿ ನೋಡು, ಇಲ್ಲಿ ನೋಡು ಎಂದು ಅವರು ಕೂಗುವುದು, ನಾನು ಬ್ರೇಕು ಹಾಕುವುದು. ಡಿಪೋದವರು ನೋಡಿದ್ದರೆ ನನ್ನ ಲೈಸೆನ್ಸು ಕಿತ್ತುಕೊಳ್ಳುತ್ತಿದ್ದರು.

ಇನ್ನು ನಿನ್ನೆಯ ವಿಷಯ. ಇಲ್ಲಿ ಒಂದು ಗುಡ್ಡದ ಈಚೆಗೆ ವ್ಯಾನು ನಿಲ್ಲಿಸಿ, ಸೈಕಲ್ಲಿನಲ್ಲಿ ಗುಡ್ಡ ದಾಟಿದರೆ ಆಚೆಗೆ ಒಂದು ದೊಡ್ಡ ಕೆರೆ. ದೊಡ್ಡದೆಂದರೆ ಆಚೆ ದಡ ಕಾಣದಷ್ಟು, ಆದರೆ ನೀರು ಮಂಡಿಯಾಳ. ನಡುವೆ ಜೊಂಡು ಬೆಳೆದ ಒಂದು ಏರಿ, ಅದರ ಮೇಲೆ ಸೈಕಲ್ ಹೋಗುವಷ್ಟು ದಾರಿ. ಗೇಟಿನಲ್ಲಿದ್ದ ಅರಣ್ಯ ಕಾವಲುಗಾರ್ತಿ, "ಅಮ್ಮಾ, ಬಿಸಿಲು ಇಳಿಯೋ ಮುಂಚೆ ಬಂದ್ಬಿಡಿ. ಕೆರೆ ಉಸಿರು ಬಿಡೋಕೆ ಶುರು ಮಾಡಿದ್ರೆ ನಿಮ್ಮ ಕೈ ನಿಮಗೇ ಕಾಣಲ್ಲ" ಎಂದಿದ್ದಳು. ಹೂಂ ಎಂದು ಹೊರಟೆವು. ಗುಡ್ಡ ಹತ್ತುವಾಗ ಚೆನ್ನಾಗಿಯೇ ಇತ್ತು. ಏರಿಯ ಮೇಲೆ ಬಂದಾಗ ನಾನು ಯಾವ ಯೋಚನೆಯೂ ಇಲ್ಲದೆ, "ಇನ್ನೊಂದು ವಾರ ಕಳೆದ್ರೆ ಅಕ್ಕನ ಮನೆ" ಅಂದೆ. ಇವರು ಥಟ್ಟನೆ, "ನಿಮ್ಮಕ್ಕನ ಮನೆ ಎಲ್ಲೂ ಓಡಿಹೋಗಲ್ಲ, ಅವಸರ ಯಾಕೆ?" ಅಂದರು. "ಅವಸರ ಅಲ್ಲ, ನೀವೇ ತಾನೇ ಬಿಡ್ತೀನಿ ಅಂದಿದ್ದು, ಒಂದು ಮಾತೂ ಕೇಳದೆ" ಅಂದೆ ನಾನು. ಅಷ್ಟು ತಿಂಗಳು ಬರದಿದ್ದ ಜಗಳ ಆ ನೀರಿನ ನಡುವೆ ಬಂತು. ಏನೇನೋ ಅಂದೆ. ಅವರು ಬಾಯಿಗೆ ಬೀಗ ಹಾಕಿಕೊಂಡರು, ಅದು ನನ್ನ ಸಿಟ್ಟಿಗೆ ತುಪ್ಪ ಸುರಿಯಿತು. ಸೈಕಲ್ ಹತ್ತಿ ರಭಸದಿಂದ ತುಳಿದುಕೊಂಡು ಮುಂದೆ ಹೋಗಿಬಿಟ್ಟೆ. ಒಂದು ಕಡೆ ದಾರಿ ಕವಲೊಡೆದಿತ್ತು, ಎಡಕ್ಕೆ ಹೋದೆನೋ ಬಲಕ್ಕೋ ಅದೂ ನೆನಪಿಲ್ಲ.

ಮಂಜು ಬಂದದ್ದು ನನಗೆ ತಿಳಿಯಲೇ ಇಲ್ಲ. ಜೊಂಡಿನ ಬುಡದಲ್ಲಿ ಬೆಳ್ಳಗೆ ಏನೋ ಇದೆ ಎಂದುಕೊಂಡೆ, ಮರುಗಳಿಗೆ ಮುಂದಿನ ಚಕ್ರ ಕಾಣಲಿಲ್ಲ. ಇಳಿದೆ. ಎರಡು ಕಡೆಯೂ ನೀರಿನ ಸದ್ದು, ನೀರು ಮಾತ್ರ ಕಾಣದು. ಮಂಜಿನಲ್ಲಿ ಬಸ್ಸು ಓಡಿಸಿ ನನಗೆ ಬೇಕಾದಷ್ಟು ರೂಢಿಯಿದೆ, ಆದರೆ ಅಲ್ಲಿ ಹೆಡ್‌ಲೈಟಿರುತ್ತದೆ, ಹಾರ್ನಿರುತ್ತದೆ, ಹಿಂದೆ ಬಸ್ಸು ತುಂಬ ಜನ ಇರುತ್ತಾರೆ. ಇಲ್ಲಿ ನಾನೊಬ್ಬಳೇ. "ರೀ" ಎಂದು ಕೂಗಿದೆ. ದನಿ ಹತ್ತಿಯೊಳಗೆ ಹೋದ ಹಾಗೆ ಅಲ್ಲೇ ಸತ್ತಿತು. ಒಂದು ಹೆಜ್ಜೆ ತಪ್ಪಿಟ್ಟು ಮಂಡಿಯವರೆಗೆ ನೀರಿಗಿಳಿದೆ. ಆ ನೀರಿನ ಚಳಿಗೆ ಎದೆ ಝಲ್ಲೆಂದಿತು. ಅಕ್ಕಾ, ನಾನು ಹೆದರುವವಳಲ್ಲ ಅಂತ ನಿನಗೆ ಗೊತ್ತು. ನಿನ್ನೆ ಹೆದರಿದೆ. ನನಗಿಂತ ಹೆಚ್ಚಾಗಿ, ಅವರೂ ನನ್ನನ್ನು ಹುಡುಕುತ್ತ ಎಲ್ಲಿ ನೀರಿಗೆ ಬಿದ್ದರೋ ಎಂದು ಹೆದರಿದೆ.

ಆಗ ಬೆಲ್ಲು ಕೇಳಿಸಿತು. ಅವರ ಸೈಕಲ್ಲಿನ ಬೆಲ್ಲು. ನಿನಗೆ ಇದು ಗೊತ್ತಿರಲಾರದು, ಬೆಳಿಗ್ಗೆ ಬೇಕರಿಯಿಂದ ಬರುವಾಗ ಅವರು ನಮ್ಮ ಬೀದಿಯ ಮೂಲೆಯಲ್ಲಿ ಒಂದು ಸಲ ಬೆಲ್ಲು ಹೊಡೆಯುತ್ತಿದ್ದರು, ನಾನು ಚಿಲಕ ತೆಗೆಯಲಿ ಎಂದು. ಸಾವಿರಾರು ಬೆಳಗಿನಲ್ಲಿ ಆ ಸದ್ದಿಗೆ ಗೊಣಗಿಕೊಂಡು ಬಾಗಿಲಿಗೆ ಹೋಗಿದ್ದೇನೆ. ನಿನ್ನೆ ಅದನ್ನು ಕೇಳಿ ಅಲ್ಲೇ ಕೂತು ಅಳಬೇಕೆನಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು ಸಲ. ಮತ್ತೆ ಒಂದು ಸಲ. ಅದು ಅತ್ತಿತ್ತ ಹೋಗುತ್ತಿರಲಿಲ್ಲ, ಒಂದೇ ಜಾಗದಿಂದ ಬರುತ್ತಿತ್ತು. ಸೈಕಲ್ಲನ್ನು ಕೋಲಿನ ಹಾಗೆ ಮುಂದೆ ತಳ್ಳಿಕೊಂಡು, ಸದ್ದು ಬಂದಾಗ ಹೆಜ್ಜೆಯಿಟ್ಟು, ನಿಂತಾಗ ನಿಂತು ಹೋದೆ. ಎಷ್ಟು ಹೊತ್ತೋ. ಕೊನೆಗೆ ನನ್ನ ಚಕ್ರ ಇನ್ನೊಂದು ಚಕ್ರಕ್ಕೆ ಟಣ್ಣೆಂದು ಬಡಿಯಿತು. ಕವಲಿನ ಜಾಗದಲ್ಲೇ ನಿಂತಿದ್ದರು. "ಇಬ್ರೂ ಹುಡುಕೋಕೆ ಹೊರಟ್ರೆ ಇಬ್ರೂ ಸಿಗಲ್ಲ ಅಂತ ಇಲ್ಲೇ ಇದ್ದೆ" ಅಂದರು. ಕೈ ಹಿಡಿದರೆ, ಬೆಲ್ಲು ಒತ್ತಿ ಒತ್ತಿ ಹೆಬ್ಬೆರಳಿನ ಚರ್ಮ ಕಿತ್ತುಹೋಗಿತ್ತು.

ಮಂಜು ಕರಗುವವರೆಗೆ ಅಲುಗಾಡುವ ಹಾಗಿರಲಿಲ್ಲ. ಅವರ ಸೈಕಲ್ಲಿನ ಹಿಂದೆ ಕಟ್ಟಿ ತಂದಿದ್ದ ಒಂದೇ ಜಮಖಾನೆ ಹೊದ್ದು ಏರಿಯ ಮೇಲೆ ಕೂತೆವು. ಅವರು ನನ್ನ ಒದ್ದೆ ಕಾಲುಚೀಲ ಬಿಚ್ಚಿ ಪಾದವನ್ನು ತಮ್ಮ ಕೋಟಿನೊಳಗೆ ಇಟ್ಟುಕೊಂಡರು. ಮುಖ ಸರಿಯಾಗಿ ಕಾಣದಿದ್ದುದರಿಂದಲೋ ಏನೋ, ಮಾತು ಬಂತು. ಅವರು ಹೇಳಿದ್ದರಲ್ಲಿ ಒಂದನ್ನು ನಿನಗೆ ಹೇಳುತ್ತೇನೆ, ಮಿಕ್ಕದ್ದು ನನ್ನಲ್ಲೇ ಇರಲಿ. "ನಾನು ಬಂದು ಮಲಗೋ ಹೊತ್ತಿಗೆ ನೀನು ಎದ್ದುಹೋದ ಜಾಗ ಇನ್ನೂ ಬೆಚ್ಚಗಿರ್ತಿತ್ತು. ದಿನಾ ಅದರ ಮೇಲೇ ಮಲಗ್ತಿದ್ದೆ. ಇಷ್ಟು ವರ್ಷದಲ್ಲಿ ನಿನ್ನ ಪರಿಚಯ ಅಂದ್ರೆ ನನಗೆ ಆ ಬಿಸಿ ಅಷ್ಟೇ ಕಣೇ. ನೀನು ಹೋಗ್ತೀನಿ ಅಂದ್ರೆ ಬೇಡ ಅನ್ನೋಕೆ ನಾನ್ಯಾರು? ಆದ್ರೆ ನೀನು ಯಾರು ಅಂತ ಗೊತ್ತಾಗೋ ಮುಂಚೆ ಹೋಗ್ಬೇಡ." ಅದಕ್ಕೆ ನಾನು ಏನು ಹೇಳಿದೆ ಗೊತ್ತೇ? "ಖಾಲಿ ಬಸ್ಸು ಡಿಪೋಗೆ ತರುವಾಗ ನಾನು ಜೋರಾಗಿ ಹಾಡ್ತಿದ್ದೆ, ಗೊತ್ತಾ ನಿಮಗೆ?" ಅಂದೆ. ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? "ಹಾಡು ಮತ್ತೆ" ಅಂದರು.

ಬಾಯಿ ತೆರೆದೆ. ನನ್ನ ದನಿ ಹೊರಡುವ ಮೊದಲೇ ಮೇಲಿನಿಂದ ಒಂದು ಕೂಗು ಬಂತು. ಕಹಳೆಯ ಹಾಗೆ, ಆದರೆ ಗಂಟಲಲ್ಲಿ ನೀರಿಟ್ಟುಕೊಂಡು ಊದಿದ ಹಾಗೆ. ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ಹತ್ತು, ನೂರು, ಆಮೇಲೆ ಆಕಾಶವೇ ಕೂಗುತ್ತಿತ್ತು. ಏನೂ ಕಾಣದು. ನೆತ್ತಿಯ ಮೇಲೆ ರೆಕ್ಕೆ ಬೀಸುವ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಜಮಖಾನೆಯ ಅಂಚು ಹಾರುತ್ತಿತ್ತು. ಎಡಕ್ಕೆ ನೀರಿಗೆ ಇಳಿದ ಸದ್ದು, ಬಲಕ್ಕೆ, ಹಿಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಇವರು ನನ್ನ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಮಂಜು ತೆಳುವಾಗತೊಡಗಿತು. ಮುಳುಗುವ ಸೂರ್ಯ ಅದರ ಕೆಳಗಿನಿಂದ ನುಗ್ಗಿದ. ಮೊದಲು ಕಾಲುಗಳು ಕಂಡವು, ಉದ್ದುದ್ದ ಕಪ್ಪು ಕಾಲುಗಳ ಕಾಡು. ಆಮೇಲೆ ಬೂದುಬಣ್ಣದ ಮೈಗಳು, ಆಮೇಲೆ ಕುತ್ತಿಗೆಗಳು. ಅಕ್ಕಾ, ಏರಿಯ ಎರಡೂ ಕಡೆ, ಕಣ್ಣು ಹಾಯುವಷ್ಟು ದೂರ, ನಮ್ಮೆದೆಯೆತ್ತರದ ಹಕ್ಕಿಗಳು ನಿಂತಿದ್ದವು. ಕ್ರೌಂಚಗಳು ಎಂದು ಕಾವಲುಗಾರ್ತಿ ಆಮೇಲೆ ಹೇಳಿದಳು, ಚಳಿಗೆ ಹೆದರಿ ಎಲ್ಲಿಂದಲೋ ಎಲ್ಲಿಗೋ ಹೋಗುವ ದಾರಿಯಲ್ಲಿ ಇಲ್ಲಿ ತಂಗುತ್ತವಂತೆ. ನೀರೆಲ್ಲ ಕೆಂಪಾಗಿತ್ತು. ಅವು ನಮ್ಮನ್ನು ನೋಡಿದವು, ಹೆದರಲಿಲ್ಲ. ಜೊಂಡಿನ ಎರಡು ಬುಡಗಳು ಎಂದುಕೊಂಡವೋ ಏನೋ. ಒಂದು ಹಕ್ಕಿ ಹತ್ತಿರ ಬಂದು ನನ್ನ ಸೈಕಲ್ಲಿನ ಹಸಿರು ಹ್ಯಾಂಡಲ್ಲನ್ನು ಕುತ್ತಿಗೆ ಓರೆ ಮಾಡಿ ನೋಡಿ ಹೋಯಿತು. ಇವರು ನಿಧಾನವಾಗಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ನಾನು ಇವರ ಮುಖ ನೋಡಿದೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ. ಈ ಮುಖವನ್ನು ನಾನು ಮೊದಲು ಎಲ್ಲೂ ನೋಡಿಲ್ಲವಲ್ಲ ಎನಿಸಿತು. ಅಷ್ಟು ಹಕ್ಕಿಗಳನ್ನು ಬಿಟ್ಟು ನಾನು ಅದನ್ನೇ ನೋಡುತ್ತ ಕೂತೆ.

ಬೆಳಕು ಹೋದ ಮೇಲೆ ಹಕ್ಕಿಗಳಿಗೆ ಸದ್ದಾಗದಂತೆ ಸೈಕಲ್ ತಳ್ಳಿಕೊಂಡು ಹೊರಟೆವು. ಗುಡ್ಡದ ದಾರಿಯಲ್ಲಿ ಕತ್ತಲು ಕವಿದಿತ್ತು. ನನಗೆ ಹೆಜ್ಜೆ ತಿಳಿಯದು, ಇವರಿಗೆ ಮನೆಯಂಗಳದಷ್ಟು ಸಲೀಸು. "ನನ್ನ ಕೆಂಪು ದೀಪ ನೋಡ್ಕೊಂಡು ಬಾ" ಎಂದು ಮುಂದೆ ಹೋದರು. ಬಸ್ಸು ತುಂಬ ಜನರನ್ನು ಹಿಂದೆ ಕೂರಿಸಿಕೊಂಡು ದಾರಿ ತೋರಿಸಿಯೇ ನನಗೆ ರೂಢಿ. ಇನ್ನೊಬ್ಬರ ಬೆನ್ನು ನೋಡಿಕೊಂಡು ನಿಶ್ಚಿಂತೆಯಿಂದ ಹೋಗುವುದರಲ್ಲಿ ಎಷ್ಟು ಸುಖವಿದೆ ಎಂದು ನಿನ್ನೆ ಗೊತ್ತಾಯಿತು. ಗೇಟಿನಲ್ಲಿ ಕಾವಲುಗಾರ್ತಿ ಟಾರ್ಚು ಹಿಡಿದು ಕಾಯುತ್ತಿದ್ದಳು. ತಲೆ ಮೇಲೆ ಕೈಯಿಟ್ಟುಕೊಂಡು ಚೆನ್ನಾಗಿ ಬೈದಳು. ಬೈಸಿಕೊಳ್ಳುತ್ತ ಇಬ್ಬರೂ ನಗುತ್ತಿದ್ದೆವು, ಅದಕ್ಕೆ ಇನ್ನಷ್ಟು ಬೈದಳು.

ಈಗ ಇವರು ಹೊರಗೆ ಒಲೆಯ ಮುಂದೆ ಕೂತು ಕಾಫಿ ಮಾಡುತ್ತಿದ್ದಾರೆ. ಚಮಚದ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ, ಬೇಕೆಂದೇ ಮಾಡುತ್ತಿದ್ದಾರೆ. ನಿನ್ನ ಯೋಗಕ್ಷೇಮ ಕೇಳಿದ್ದಾಗಿ ಬರೆಯಲು ಹೇಳಿದರು, ಮಂಡಿಗೆ ಹುರಿದ ಉಪ್ಪಿನ ಶಾಖ ಕೊಡಬೇಕಂತೆ, ಓವನ್ನಿನ ಮುಂದೆ ನಿಂತು ನಿಂತು ಅವರಿಗೂ ಅದೇ ನೋವಿತ್ತಂತೆ. ಅದೂ ನನಗೆ ಗೊತ್ತಿರಲಿಲ್ಲ ನೋಡು. ಮೈ ನೋಡಿಕೊ, ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆಕ್ಕನ್ನು ಮಂಚದ ಮೇಲೆ ಹತ್ತಿಸಬೇಡ. ದೊಡ್ಡವಳು ನೀನು, ಅಷ್ಟು ದೂರದಿಂದಲೇ ನಮ್ಮಿಬ್ಬರ ತಲೆಯ ಮೇಲೂ ಒಂದು ಸಲ ಕೈಯಿಡು.

ನಿನ್ನ ತಂಗಿ,
ಮೊಂಡಿ

ಮರೆತು ಬಿಟ್ಟದ್ದು: ಮರೆತದ್ದಲ್ಲ ಅಕ್ಕಾ, ಮೊದಲ ಸಾಲಿನಲ್ಲೇ ಬರೆಯಬೇಕೆಂದು ಕೂತಿದ್ದೆ, ಧೈರ್ಯ ಬರಲಿಲ್ಲ. ಇವರು ಅಂಚೆಪೆಟ್ಟಿಗೆಗೆ ಹೋಗಲು ಸೈಕಲ್ ಹತ್ತಿ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಮೇಲಿನ ಕೋಣೆಗೆ ನಾನು ಬರುವುದಿಲ್ಲ. ಆ ನೀಲಿ ಗೋಡೆ, ನೀನು ಕೈಯಾರೆ ಹೊಲಿದ ಪರದೆ ನೆನೆದೇ ಇದನ್ನು ಇಷ್ಟು ಹೊತ್ತು ಮುಂದಕ್ಕೆ ತಳ್ಳಿದೆ. ನಿನಗೆ ನಿರಾಸೆ ಮಾಡುತ್ತಿದ್ದೇನೆ ಅಂತ ಗೊತ್ತು. ಬೈಯಿ, ಎರಡು ದಿನ ಮಾತು ಬಿಡು. ಆದರೆ ಬರುವ ಭಾನುವಾರ ನಿನ್ನ ಬಾಗಿಲಿಗೆ ವ್ಯಾನು ಬಂದೇ ಬರುತ್ತದೆ. ನಾನು ಇಳಿದುಕೊಳ್ಳುವುದಕ್ಕಲ್ಲ, ನಿನ್ನನ್ನು ಹತ್ತಿಸಿಕೊಳ್ಳುವುದಕ್ಕೆ. ಮುಂದಿನ ಸೀಟಿನಲ್ಲಿ ಮೂವರು ಆರಾಮಾಗಿ ಕೂರಬಹುದು, ಕಿಟಕಿಯ ಜಾಗ ಇವರು ನಿನಗೆ ಬಿಟ್ಟುಕೊಡುತ್ತಾರಂತೆ. ಹಕ್ಕಿಗಳು ಇನ್ನೆರಡು ವಾರ ಇರುತ್ತವೆ ಎಂದು ಕಾವಲುಗಾರ್ತಿ ಹೇಳಿದ್ದಾಳೆ. ಬೆಕ್ಕನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ದಪ್ಪನೆಯ ಬಟ್ಟೆ ಕಟ್ಟಿಕೊಂಡು ತಯಾರಾಗಿರು.